ಚೌಡಿಗೆ ಕೊಟ್ಟ ಹೇಂಟೆ

ನಮ್ಮ ಅಮ್ಮನಿಗೆ ನಂಬಿಕೆ ಸಾಲಲಿಲ್ಲವಂತೆ. ಮಣ್ಣು ಮಾಡಿ ಬಂದ ದಿನವೇ ಈ ಮಾತು ನನ್ನ ಕಿವಿಗೆ ಬಿತ್ತು. ಕೈಕಾಲು ತೊಳೆದು ಒಳಗೆ ಬಂದು ಕೂತಿದ್ದೆ. ಪ್ರಾರ್ಥನೆ ಗುಂಪಿನ ಒಬ್ಬಾಕೆ ಪಕ್ಕಕ್ಕೆ ಬಂದು, ನನ್ನ ಕೈ ಹಿಡಿದು, ಸಮಾಧಾನ ಮಾಡುವ ದನಿಯಲ್ಲಿ, "ಕೊನೇ ತನಕ ಗಟ್ಟಿಯಾಗಿ ಹಿಡ್ಕೊಂಡಿದ್ರೆ ಉಳೀತಿದ್ರು ಕಣಮ್ಮ, ಏನು ಮಾಡೋದು" ಅಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೋದರು. ಅಮ್ಮನ ಮಣ್ಣು ಇನ್ನೂ ನನ್ನ ಉಗುರಲ್ಲಿತ್ತು, ಅವರ ಲೋಟ ತೊಳೆದವಳೂ ನಾನೇ.

ಎರಡು ವರ್ಷ ಆಯಿತು. ಈಗಲೂ ಆ ಮಾತು ನೆನಪಾದರೆ ಹೊಲಿಗೆ ಯಂತ್ರದ ಮೇಲೆ ನನ್ನ ಕಾಲು ನಿಂತುಬಿಡುತ್ತದೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆ, ಮನೆಯ ಮುಂದಿನ ಕೋಣೆಯೇ ನನ್ನ ಟೈಲರಿಂಗ್ ಅಂಗಡಿ. ಬ್ಲೌಸು ಕೊಡಲು ಬಂದವರು, "ಏನಕ್ಕಾ, ಯಾರ ಮೇಲೆ ಹಲ್ಲು ಕಡೀತಿದ್ದೀರಿ?" ಅಂತಾರೆ. ಭಾನುವಾರ ತಪ್ಪದೆ ಆರಾಧನೆಗೆ ಹೋಗುವವಳು ನಾನು. ದೇವರ ಮೇಲೆ ನನಗೆ ಸಿಟ್ಟಿಲ್ಲ. ದೇವರ ಹೆಸರಲ್ಲಿ ತಕ್ಕಡಿ ಹಿಡಿದು ನಿಂತವರ ಮೇಲೆ ಸಿಟ್ಟು. ಬರೆದು ಮುಗಿಸದಿದ್ದರೆ ಈ ಉರಿ ಆರುವುದಿಲ್ಲ ಅಂತ ಬರೆಯುತ್ತಿದ್ದೇನೆ.

ಅಮ್ಮ ಜಾವಳಿ ಕಡೆಯ ಒಂದು ಎಸ್ಟೇಟಿನಲ್ಲಿ ಕೂಲಿಗಿದ್ದವಳು. ಕೂಲಿಯವರ ಲೈನ್ ಮನೆಯಲ್ಲೇ ಹುಟ್ಟಿ, ಇನ್ನೊಂದು ಲೈನ್ ಮನೆಗೆ ಮದುವೆಯಾಗಿ ಬಂದು, ನಾನು ಶಾಲೆಗೆ ಹೋಗುವಾಗಲೇ ಅಪ್ಪನನ್ನು ಕಳಕೊಂಡು, ಸೊಂಟ ಸೋಲುವ ತನಕ ಕಾಫಿ ಹಣ್ಣು ಕುಯ್ದವಳು. ಕಾಫಿ ಕುಯ್ಲಿನ ಕಾಲದಲ್ಲಿ ಸಂಜೆ ತೂಕ ಹಾಕುವ ಮುಂಚೆ ಒಂದು ಕೆಲಸ ಇರುತ್ತದೆ, ತೋಟದಲ್ಲಿ ಬೆಳೆದವರಿಗೆ ಗೊತ್ತು. ಕುಯ್ದದ್ದನ್ನೆಲ್ಲ ಟಾರ್ಪಾಲಿನ ಮೇಲೆ ಸುರಿದು, ಸುತ್ತ ಕೂತು, ಕೆಂಪು ಹಣ್ಣಿನ ನಡುವೆ ಸೇರಿಕೊಂಡ ಹಸಿರು ಕಾಯಿಯನ್ನು ಹೆಕ್ಕಿ ತೆಗೆಯಬೇಕು. ಕಾಯಿ ಉಳಿದರೆ ಕಾಫಿಯ ರುಚಿ ಕೆಡುತ್ತದೆ. ಆಮೇಲೆ ಮೇಸ್ತ್ರಿ ಬಂದು ಚೀಲದ ತಳಕ್ಕೆ ಕೈ ಹಾಕಿ ಒಂದು ಹಿಡಿ ಮೇಲೆತ್ತಿ ನೋಡುತ್ತಾರೆ. ಕಾಯಿ ಕಂಡರೆ ಎಲ್ಲರ ಎದುರಿಗೇ ಬೈಗುಳ, ಇಡೀ ಚೀಲ ಮತ್ತೆ ನೆಲಕ್ಕೆ. ಅಮ್ಮನ ಚೀಲಕ್ಕೆ ಮಾತ್ರ ಮೇಸ್ತ್ರಿ ಕೈ ಹಾಕುತ್ತಿರಲಿಲ್ಲ. "ಇವರದ್ದು ನೋಡೋದೇ ಬೇಡ" ಅಂತ ನೇರ ತೂಕಕ್ಕೆ ಕಳಿಸುತ್ತಿದ್ದರು. ಅವಳ ಬದುಕಿನಲ್ಲಿ ಯಾರಾದರೂ ಅವಳಿಗೆ ಕೊಟ್ಟ ಮರ್ಯಾದೆ ಅಂದರೆ ಅದೊಂದೇ.

ಇಂಥವಳಿಗೆ ಕೃಪೆ ಅನ್ನುವುದನ್ನು ಅರ್ಥ ಮಾಡಿಸುವುದು ಸುಲಭವಿರಲಿಲ್ಲ. ಯೇಸುಸ್ವಾಮಿ ಹೇಳಿದ ತೋಟದ ಯಜಮಾನನ ಕಥೆ ಉಂಟಲ್ಲ, ಬೆಳಿಗ್ಗೆ ಕೆಲಸಕ್ಕೆ ಬಂದವರಿಗೂ ಹೊತ್ತು ಮುಳುಗುವಾಗ ಬಂದವರಿಗೂ ಒಂದೇ ಕೂಲಿ ಕೊಟ್ಟವನ ಕಥೆ, ಅದನ್ನು ಚರ್ಚಿನಲ್ಲಿ ಓದಿದ ದಿನ ಅಮ್ಮನ ಮುಖ ಗಂಟಾಗುತ್ತಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಗೊಣಗುತ್ತಿದ್ದಳು. "ಅಲ್ಲ, ಬೆಳಿಗ್ಗೆ ಮಂಜಲ್ಲಿ ಒದ್ದೆಯಾಗಿ ಕೆಲಸ ಶುರು ಮಾಡಿದೋರಿಗೂ ಒಂದೇ, ಸಂಜೆ ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಬಂದೋನಿಗೂ ಒಂದೇ ಹಾಜರಿಯಾ? ಮಾರನೇ ದಿನ ಆ ತೋಟಕ್ಕೆ ಬೆಳಿಗ್ಗೆ ಯಾರು ಹೋಗ್ತಾರೆ? ನಮ್ಮ ಹಾಜರಿ ಬರೆಯೋ ರೈಟರ್ ಹೀಗೆ ಮಾಡಿದ್ರೆ ಸಾಹುಕಾರ್ರು ಅವತ್ತೇ ಮನೆಗೆ ಕಳಿಸ್ತಿದ್ರು." ನಾನು ನಕ್ಕು, "ಅದು ಕೂಲಿ ಅಲ್ಲಮ್ಮ, ಅವನು ಸುಮ್ನೆ ಕೊಡೋದು" ಅಂದರೆ, "ಸುಮ್ನೆ ಯಾರೂ ಏನೂ ಕೊಡಲ್ಲ ಮಾರಾಯ್ತಿ" ಅನ್ನುತ್ತಿದ್ದಳು. ಅವಳ ಮಟ್ಟಿಗೆ ಅದು ನಿಜವೂ ಆಗಿತ್ತು.

ಕೆಲಸ ಬಿಟ್ಟ ಮೇಲೆ ಮೂಡಿಗೆರೆಗೆ ನನ್ನ ಮನೆಗೆ ಬಂದಳು. ಸ್ವಲ್ಪ ಕಾಲದಲ್ಲೇ ಹೊಟ್ಟೆನೋವು ಶುರುವಾಯಿತು. ಮಂಗಳೂರಿಗೆ ಕರಕೊಂಡು ಹೋದೆವು. ಗರ್ಭಕೋಶದಲ್ಲಿ ಗಡ್ಡೆ, ಕ್ಯಾನ್ಸರು, ಎಲ್ಲ ಕಡೆ ಹರಡಿದೆ, ಇನ್ನು ಆಪರೇಷನ್ ಮಾಡಿ ಪ್ರಯೋಜನವಿಲ್ಲ ಅಂದರು. ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಇವರನ್ನ ವಾಸಿ ಮಾಡೋಕೆ ನಮ್ಮಿಂದ ಆಗಲ್ಲ. ಆದ್ರೆ ಇವರು ನೋವು ತಿನ್ನಬೇಕಾಗಿಲ್ಲ. ಈ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ" ಅಂದರು. ಚಾರ್ಮಾಡಿ ಘಾಟಿ ಹತ್ತುವಾಗ ಅಮ್ಮ ಹೊಟ್ಟೆ ಹಿಡಿದುಕೊಂಡು ಕಿಟಕಿಗೆ ತಲೆ ಒರಗಿಸಿ ಕೂತಿದ್ದಳು. ಆದರೆ ಮಾತ್ರೆ ಕೆಲಸ ಮಾಡಿತು. ಮಳೆಗಾಲ ಮುಗಿಯುವ ತನಕ ಅಮ್ಮ ನನ್ನ ಯಂತ್ರದ ಪಕ್ಕದಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಳು, ಬಂದ ಗಿರಾಕಿಗಳ ಕಾಲೆಳೆಯುತ್ತಿದ್ದಳು, ಅನ್ನಕ್ಕೆ ಒಣಮೀನು ಕೇಳುತ್ತಿದ್ದಳು. ಸಾಯುವವಳು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಮನೆಯಲ್ಲಿ ನಗು ಇತ್ತು.

ಆಗ ಬಂದರು ಬ್ರದರ್. ಚಿಕ್ಕಮಗಳೂರಿನಿಂದ ಪ್ರತಿ ಗುರುವಾರ ಬಂದು ನಮ್ಮ ಬೀದಿಯ ಮನೆಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಎಲ್ಲರೂ ಅವರನ್ನು ಬ್ರದರ್ ಅಂತಲೇ ಕರೆಯುವುದು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ದುಡ್ಡು ಕೇಳಿದವರಲ್ಲ, ದನಿ ಎತ್ತಿ ಮಾತಾಡಿದವರಲ್ಲ, ಅಮ್ಮನ ಕಾಲು ತಮ್ಮ ಕೈಯಾರೆ ಒತ್ತಿದವರು. ಅವರ ಬೆನ್ನುನೋವು ಪ್ರಾರ್ಥನೆಯಿಂದಲೇ ಹೋಯಿತಂತೆ, ಹಾಗಾಗಿ ಲೋಕದ ನೋವೆಲ್ಲ ಹಾಗೇ ಹೋಗಬೇಕು ಅಂತ ನಂಬಿದ್ದರು. ಕಳ್ಳನಾಗಿದ್ದರೆ ಕತ್ತು ಹಿಡಿದು ಹೊರಗೆ ಹಾಕಬಹುದಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ತಪ್ಪು ಹೇಳುವವರನ್ನು ಏನು ಮಾಡುವುದು, ಹೇಳಿ.

"ಅಮ್ಮಾ, ಕರ್ತನು ನಿಮ್ಮನ್ನು ಈಗಾಗಲೇ ಗುಣ ಮಾಡಿದ್ದಾನೆ. ನೀವು ಅದನ್ನು ನಂಬಿಕೆಯಿಂದ ತಗೊಳ್ಳಬೇಕು ಅಷ್ಟೇ" ಅಂದರು. ನಂಬಿಕೆಗೆ ಗುರುತು ಏನು ಅಂತ ಅಮ್ಮ ಕೇಳಿದಳು. ಮಾತ್ರೆ ನುಂಗುವವರು ದೇವರನ್ನು ಅರ್ಧ ಮಾತ್ರ ನಂಬಿದ ಹಾಗೆ ಅಂದರು ಅವರು. ಮುಗಿಯಿತು. ಅಮ್ಮನಿಗೆ ಆ ಲೆಕ್ಕ ಕೂಡಲೇ ಹಿಡಿಸಿತು, ಯಾಕೆಂದರೆ ಅದು ಅವಳಿಗೆ ಗೊತ್ತಿದ್ದ ಲೆಕ್ಕ. ನಂಬಿಕೆ ಅನ್ನುವುದು ಒಂದು ಚೀಲ, ಅನುಮಾನ ಅನ್ನುವುದು ಅದರೊಳಗಿನ ಹಸಿರು ಕಾಯಿ. ಚೀಲ ಶುದ್ಧವಿದ್ದರೆ ತೂಕಕ್ಕೆ, ಇಲ್ಲದಿದ್ದರೆ ನೆಲಕ್ಕೆ. ಮುಂದಿನ ಗುರುವಾರ ನನ್ನದೇ ಅಂಗಡಿ ಕೋಣೆಯಲ್ಲಿ, ಬೀದಿಯ ಜನರೆದುರು ಎದ್ದು ನಿಂತು, "ನಂಗೆ ನೋವಿಲ್ಲ" ಅಂತ ಸಾಕ್ಷಿ ಹೇಳಿದಳು. ಮಾತ್ರೆಯ ಶೀಟುಗಳನ್ನೆಲ್ಲ ಚಾಪೆಯ ಮೇಲಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ನಾನು ಹೊಲಿದ ಬಟ್ಟೆ ಕೊಟ್ಟು ಬರಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಮಾತ್ರೆಗಳನ್ನು ನಮ್ಮ ಮನೆಯ ಬಚ್ಚಲೊಲೆಗೇ ಹಾಕಿ ಸುಟ್ಟಿದ್ದರು.

ಅವತ್ತು ನಾನು ಕೂಗಾಡಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ನಮ್ಮ ಮನೆಯವರು ಜೀಪ್ ಓಡಿಸುವವರು, ನನ್ನ ಸಿಟ್ಟು ಕಂಡು ಕೆಟ್ಟಿಲ್ಲದ ಜೀಪನ್ನು ರಿಪೇರಿ ಮಾಡುವ ನೆಪದಲ್ಲಿ ಅದರಡಿಗೆ ಹೋಗಿ ಮಲಗಿದರು. ಬ್ರದರ್ ಮಾತ್ರ ಶಾಂತವಾಗಿ ನಿಂತಿದ್ದರು. "ಸಿಸ್ಟರ್, ನಿಮ್ಮ ಕೋಪವೇ ಅಮ್ಮನ ಸ್ವಸ್ಥತೆಗೆ ಅಡ್ಡ ಬರ್ತಿದೆ" ಅಂದರು. ಅಮ್ಮ ಅದನ್ನು ನಂಬಿದಳು. ಅಲ್ಲಿಂದ ಮೇಲೆ ನಾನು ಪಾತ್ರೆ ಜೋರಾಗಿ ಇಟ್ಟರೂ, "ಸಿಟ್ಟು ಮಾಡ್ಬೇಡ, ನಂಗೆ ವಾಸಿಯಾಗಲ್ಲ" ಅನ್ನುತ್ತಿದ್ದಳು. ನನ್ನ ತಾಯಿಯ ಕಾಯಿಲೆಗೆ ನಾನೇ ಕಾರಣ ಅಂತ ನನ್ನ ಮನೆಯಲ್ಲೇ ತೀರ್ಮಾನವಾಯಿತು, ನೋಡಿ.

ಹೊಸ ಮಾತ್ರೆ ತಂದೆ. ಮುಟ್ಟಲಿಲ್ಲ. ಪುಡಿ ಮಾಡಿ ಗಂಜಿಗೆ ಹಾಕಿದೆ. ಒಂದು ಚಮಚಕ್ಕೇ ಕಹಿ ಗೊತ್ತಾಗಿ ಉಗಿದು, "ಮೋಸ ಮಾಡ್ತೀಯಾ?" ಅಂತ ಮುಖ ತಿರುಗಿಸಿದಳು. ನೋವು ಬಂದಾಗ ಸೆರಗನ್ನು ಸುತ್ತಿ ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ನರಳಿದರೆ ನಂಬಿಕೆ ಇಲ್ಲದ ಹಾಗೆ ಆಗುತ್ತದಂತೆ. ಸೆರಗಿನ ಅಂಚು ಹರಿದು ದಾರ ದಾರ ಆಯಿತು, ನಾನೇ ಕೂತು ಮತ್ತೆ ಹೊಲಿದುಕೊಟ್ಟೆ. ಹುಕ್ಕು ಹಾಕುವುದು ನಿಂತಿತು, ಮಾತು ನಿಂತಿತು. ಒಣಮೀನಿನ ವಾಸನೆಗೆ ವಾಂತಿ ಮಾಡಿದಳು.

ನನಗೆ ರಕ್ಷಣೆ ಅಂದರೆ ಏನು ಅಂತ ಅರ್ಥವಾಗಿರುವುದು ಇಷ್ಟು. ನಮ್ಮಿಂದ ಏರಲು ಆಗದ ದಿಬ್ಬ ಅಂತ ದೇವರೇ ಇಳಿದು ಬಂದ. ಅಷ್ಟೇ. ಇಳಿದು ಬಂದವನು ಪಕ್ಕದಲ್ಲೇ ಕೂತಿರುವಾಗ, ನೀನು ಇನ್ನೂ ಸ್ವಲ್ಪ ಹತ್ತಿದ್ದರೆ ಸಿಗುತ್ತಿದ್ದ ಅಂತ ಸಾಯುವ ಮುದುಕಿಯ ಕಿವಿಯಲ್ಲಿ ಹೇಳುತ್ತಾರಲ್ಲ, ಇವರಿಗೆ ನಾಚಿಕೆಯಾದರೂ ಬೇಡವೇ? ಶಿಲುಬೆಯ ಮೇಲೆ ಅವನೇ ಕೂಗಿದ, ನನ್ನನ್ನು ಯಾಕೆ ಕೈಬಿಟ್ಟೆ ಅಂತ. ಅದು ನಂಬಿಕೆ ಸಾಲದ ಕೂಗು ಅಂತ ಯಾವ ಬ್ರದರಾದರೂ ಹೇಳಿದ್ದುಂಟಾ? ಅವನು ಕೂಗಬಹುದು. ಜಾವಳಿಯ ಕೂಲಿ ಹೆಂಗಸು ಮಾತ್ರ ಸೆರಗು ಕಚ್ಚಿಕೊಂಡಿರಬೇಕು. ಕೃಪೆ ಬಿಟ್ಟಿ ಅಂತ ಇವರೇ ಹಾಡುತ್ತಾರೆ, ಕೈ ತಟ್ಟಿ ಹಾಡುತ್ತಾರೆ. ಹಾಡು ಮುಗಿದ ಕೂಡಲೇ ಚೀಲದ ತಳಕ್ಕೆ ಕೈ ಹಾಕಿ ನೋಡುತ್ತಾರೆ. ಎಸ್ಟೇಟಿನ ಮೇಸ್ತ್ರಿಗಾದರೂ ಅಮ್ಮನ ಚೀಲದ ಮೇಲೆ ನಂಬಿಕೆ ಇತ್ತು.

ವಾಸಿಯಾಗಲಿಲ್ಲ. ಆಗುವುದಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದರಲ್ಲ. ಆದರೆ ಬ್ರದರ್ ಹಾಗೆ ಒಪ್ಪುವವರಲ್ಲ. ಒಳಗೆ ಎಲ್ಲೋ ಬಚ್ಚಿಟ್ಟ ಪಾಪ ಇದೆ, ಹುಡುಕಿ ಅಂದರು. ಹೆಕ್ಕುವುದರಲ್ಲಿ ಅಮ್ಮನನ್ನು ಮೀರಿಸಿದವರಿಲ್ಲ. ಹಗಲೆಲ್ಲ ಚಾಪೆಯ ಮೇಲೆ ಕಣ್ಣು ಮುಚ್ಚಿ ತನ್ನ ಬದುಕನ್ನು ಹೆಕ್ಕಿದಳು. ತೋಟದ ಮೆಣಸು ಒಂದು ಹಿಡಿ ಮಡಿಲಲ್ಲಿ ತಂದದ್ದು. ಅತ್ತೆಗೆ ಎದುರು ಮಾತಾಡಿದ್ದು. ಅಪ್ಪ ಕುಡಿದು ಬಂದ ದಿನ ಬಾಗಿಲು ತೆಗೆಯದೆ ಇದ್ದದ್ದು. ಪ್ರತಿ ಗುರುವಾರ ಒಂದೊಂದು ಹೇಳಿ ಕ್ಷಮೆ ಕೇಳುವುದು, ನೋವು ಹಾಗೇ ಇರುವುದು, ಮತ್ತೆ ಹುಡುಕುವುದು. "ಇನ್ನೂ ಎಲ್ಲೋ ಒಂದು ಕಾಯಿ ಉಳ್ಕೊಂಡಿದೆ" ಅಂತ ನನ್ನ ಹತ್ತಿರ ಹೇಳಿ ಅತ್ತಳು. ನೋವಿಗೆ ಅಳದವಳು ಅದಕ್ಕೆ ಅತ್ತಳು.

ಆಮೇಲೆ ಒಂದು ಗುರುವಾರ ಆ ಕಾಯಿ ಸಿಕ್ಕಿತು. ನಾನು ಒಳಗೆ ಗಂಜಿ ಬಸಿಯುತ್ತಿದ್ದೆ, ಮುಂದಿನ ಕೋಣೆಯಿಂದ ಅಮ್ಮನ ಸಣ್ಣ ದನಿ ಕೇಳುತ್ತಿತ್ತು. ನಾನು ವರ್ಷ ತುಂಬದ ಕೂಸಾಗಿದ್ದಾಗ ಜೋರು ಜ್ವರ ಬಂತಂತೆ. ಮಳೆಗೆ ಮರ ಬಿದ್ದು ದಾರಿ ಬಂದ್, ಮೂಡಿಗೆರೆಗೆ ಜೀಪು ಹೋಗುವ ಹಾಗಿಲ್ಲ. ಅಮ್ಮ ಯೇಸುಸ್ವಾಮಿಯ ಹತ್ತಿರ ಬೇಡಿದಳು, ಬೇಡುತ್ತಲೇ ಇದ್ದಳು, ಜ್ವರ ಇಳಿಯಲಿಲ್ಲ. ನನ್ನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಪಕ್ಕದ ಮನೆಯ ಅಜ್ಜಿ, ಇದು ತೋಟದ ಚೌಡಿಯ ಕೋಪ, ಒಂದು ಕೋಳಿ ಕೊಟ್ಟುಬಿಡು ಅಂದರು. ನಮ್ಮ ಕಡೆ ಎಸ್ಟೇಟು ಅಂದ ಮೇಲೆ ಮರದ ಬುಡದಲ್ಲಿ ಒಂದು ಚೌಡಿಯ ಕಲ್ಲು ಇದ್ದೇ ಇರುತ್ತದೆ. ಕುಯ್ಲು ಶುರುವಾಗುವ ಮುಂಚೆ ಸಾಹುಕಾರ್ರೇ ನಿಂತು ಪೂಜೆ ಮಾಡಿಸಿ ಕೋಳಿ ಕೊಯ್ಯಿಸುತ್ತಾರೆ, ಲೈನಿನವರೆಲ್ಲ ಕೂತು ಸಾರು ಉಣ್ಣುತ್ತೇವೆ, ಅದಕ್ಕೆ ಜಾತಿಯೂ ಇಲ್ಲ ಚರ್ಚಿನ ಸಭೆಯೂ ಇಲ್ಲ. ಆದರೆ ಅಮ್ಮ ಅವತ್ತು ಮಾಡಿದ್ದು ಸಾರು ಉಂಡ ಹಾಗಲ್ಲ. ಕೊಡಲು ಹುಂಜ ಇರಲಿಲ್ಲವಂತೆ. ಮನೆಯಲ್ಲಿದ್ದ ಒಂದೇ ಒಂದು ಮೊಟ್ಟೆ ಇಡುವ ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ನಡುಮಧ್ಯಾಹ್ನದ ಮಳೆಯಲ್ಲಿ ಒಬ್ಬಳೇ ಹೋಗಿ, ತಾನೇ ಕತ್ತಿ ಹಿಡಿದು ಕೊಟ್ಟು, ಆ ಕಲ್ಲಿನ ಮುಂದೆ ಅಡ್ಡ ಬಿದ್ದು ನನ್ನನ್ನು ಉಳಿಸಿಕೊಡು ಅಂತ ಕೇಳಿದಳು. ಆಮೇಲೆ ಜ್ವರ ಇಳಿಯಿತು. ಇದನ್ನು ಅಪ್ಪನಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ನಾನು ಗಂಜಿ ಬಸಿಯುವುದನ್ನು ಬಿಟ್ಟು ಗೋಡೆಗೆ ಒರಗಿ ನಿಂತುಬಿಟ್ಟೆ.

"ಇದೇ ಅಮ್ಮಾ. ಇದೇ ಬೇರು" ಅಂದರು ಬ್ರದರ್. ಅವರ ದನಿಯಲ್ಲಿ ಖುಷಿ ಇತ್ತು. ಮುಂದಿನ ಗುರುವಾರ ಅಮ್ಮ ಎಲ್ಲರೆದುರು ಬಾಯಿ ಬಿಟ್ಟು ಹೇಳಬೇಕಂತೆ, ಆ ಕೋಳಿ ಕೊಟ್ಟದ್ದು ತಪ್ಪಾಯಿತು, ಅದನ್ನು ಈಗ ತಿರಸ್ಕರಿಸುತ್ತೇನೆ, ಮಗುವನ್ನು ದೇವರ ಚಿತ್ತಕ್ಕೆ ಬಿಡಬೇಕಿತ್ತು ಅಂತ. ಅಷ್ಟು ಹೇಳಿದರೆ ಚೌಡಿಯ ಕಟ್ಟು ಬಿಚ್ಚಿಕೊಂಡು ನೋವು ಹೋಗುತ್ತದಂತೆ.

ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. "ಮಗು ಅಂದ್ರೆ ಯಾರು ಬ್ರದರ್? ನಾನು. ಇಲ್ಲೇ ನಿಂತಿದ್ದೀನಿ. ನಾನು ಸತ್ತಿದ್ರೆ ಅಮ್ಮ ಪರಿಶುದ್ಧಳಾಗಿರ್ತಿದ್ಲು ಅಂತ ತಾನೇ ನೀವು ಹೇಳ್ತಿರೋದು? ನಾನು ಬದುಕಿರೋದೇ ಅಮ್ಮನ ಪಾಪ ಅಂತ ತಾನೇ?" ಅವರು, "ಹಾಗಲ್ಲ ಸಿಸ್ಟರ್, ನೀವು ಆತ್ಮಿಕವಾಗಿ ಯೋಚಿಸಿ" ಅಂದರು. ಆತ್ಮಿಕವಾಗಿಯಂತೆ. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಮ್ಮ ಕೈ ಎತ್ತಿ, "ಸುಮ್ನಿರು" ಅಂದಳು. ಸೌಟು ಕೆಳಗಿಳಿಸಿ ಒಳಗೆ ಹೋದೆ. ಅವಳು ಹೇಳಿದಳು ಅಂತ ಮಾತ್ರ.

ಆ ವಾರ ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಅಮ್ಮ ಮಗ್ಗುಲು ಬದಲಿಸಲಾಗದೆ ಒಂದೇ ಕಡೆ ಮಲಗಿದ್ದಳು. ಮಾತ್ರೆ ಕೊಡಲಾ ಅಂತ ಒಂದು ದಿನ ಕೇಳಿದೆ, ತಲೆಯಾಡಿಸಿ ಬೇಡ ಅಂದಳು. ಮತ್ತೆ ನಾನು ಕೇಳಲಿಲ್ಲ. ನನಗೆ ಬೇರೆಯೇ ಭಯ ಹಿಡಿದಿತ್ತು. ನೋವು ತಡೆಯಲಾರದೆ ಇವಳು ಆ ಮಾತು ಹೇಳಿಬಿಡುತ್ತಾಳೆ, ಹೇಳಿದ ಮೇಲೂ ನೋವು ಹೋಗುವುದಿಲ್ಲ, ಮಗಳನ್ನು ಉಳಿಸಿಕೊಂಡದ್ದೂ ತಪ್ಪಾಯಿತು, ನೋವೂ ಉಳಿಯಿತು ಅಂತ ಅದೇ ಸಂಕಟದಲ್ಲಿ ಸಾಯುತ್ತಾಳೆ ಅಂತ. ನಾನೂ ಪ್ರಾರ್ಥನೆ ಮಾಡಿದೆ. ಮಾಡಿದ್ದು ಪ್ರಾರ್ಥನೆಯೋ ಜಗಳವೋ ಹೇಳಲಾರೆ. ನಿನ್ನ ಹೆಸರಲ್ಲಿ ನಡೀತಿದೆ, ನೀನೇ ಬಂದು ನಿಲ್ಲಿಸು ಅಂದೆ.

ಗುರುವಾರ ಬಂತು. ಬೀದಿಯ ಜನ ಬಂದು ಕೂತರು. ಅಮ್ಮನನ್ನು ಎತ್ತಿ ಕೂರಿಸಿ, ನಾನು ಗೋಡೆಗೆ ಒರಗಿ ಕೂತು ಬೀಳದ ಹಾಗೆ ಹಿಂದಿನಿಂದ ಹಿಡಿದಿದ್ದೆ. ಬ್ರದರ್ ಎದುರಿಗೆ ಮೊಣಕಾಲೂರಿ, "ನಾನು ಹೇಳಿದ ಹಾಗೆ ಹೇಳಿ ಅಮ್ಮಾ" ಅಂದರು. ಅಮ್ಮ ಹೇಳಿದಳು. ಮೆಣಸು ತಂದದ್ದಕ್ಕೆ ಕ್ಷಮಿಸು ಸ್ವಾಮಿ ಅಂದಳು. ಅತ್ತೆಗೆ ಆಡಿದ ಮಾತಿಗೆ ಕ್ಷಮಿಸು ಅಂದಳು. ಅಪ್ಪನನ್ನು ಹೊರಗೆ ನಿಲ್ಲಿಸಿದ್ದಕ್ಕೆ ಕ್ಷಮಿಸು ಅಂದಳು. ಒಂದೊಂದು ಮಾತಿಗೂ ಅವಳ ಬೆನ್ನು ನನ್ನ ಎದೆಗೆ ಒತ್ತಿ ನಡುಗುತ್ತಿತ್ತು. ಆಮೇಲೆ ಬ್ರದರ್, "ಚೌಡಿಗೆ ಕೋಳಿ ಕೊಟ್ಟದ್ದಕ್ಕೆ" ಅಂದರು.

ಅಮ್ಮ ಬಾಯಿ ಮುಚ್ಚಿದಳು.

ಅವರು ಇನ್ನೊಮ್ಮೆ ಮೆಲ್ಲಗೆ ಹೇಳಿಕೊಟ್ಟರು. ಅಮ್ಮ, "ಅದಕ್ಕೆ ಕೇಳಲ್ಲ" ಅಂದಳು.

"ಅಮ್ಮಾ, ಇದೊಂದೇ ಉಳಿದಿರೋದು."

"ಅದು ತಪ್ಪೇ ಇರ್ಬೋದು ಬ್ರದರ್. ನೀವು ಓದಿದೋರು, ನಿಮಗೆ ಗೊತ್ತು. ಆದ್ರೆ ಆ ದಿನ ಮತ್ತೆ ಬಂದ್ರೆ ನಾನು ಮತ್ತೆ ಕೋಳಿ ತಗೊಂಡೇ ಹೋಗ್ತೀನಿ. ಒಳಗೆ ಹೀಗಿಟ್ಕೊಂಡು ಬಾಯಲ್ಲಿ ತಪ್ಪಾಯ್ತು ಅಂದ್ರೆ ಅದು ಸುಳ್ಳಾಗುತ್ತೆ. ಸುಳ್ಳು ಹೇಳಿ ವಾಸಿ ಮಾಡಿಸ್ಕೊಳ್ಳೋದು ಬೇಡ." ಇಷ್ಟು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು, ನಡುವೆ ಉಸಿರು ಸಿಕ್ಕುತ್ತಿರಲಿಲ್ಲ. ಆಮೇಲೆ ಕತ್ತು ಹಿಂದಕ್ಕೆ ತಿರುಗಿಸಿ ನನ್ನನ್ನು ಕೇಳಿದಳು, "ಮಾತ್ರೆ ಎಲ್ಲಿಟ್ಟಿದ್ದೀಯ? ತಗೊಂಡ್ಬಾ."

ನಾನು ದಿಂಬು ಕೊಟ್ಟು ಎದ್ದೆ. ಹೊಲಿಗೆ ಯಂತ್ರದ ಡ್ರಾಯರಿನಲ್ಲೇ ಇತ್ತು. ಬಟ್ಟೆಯ ಕತ್ತರಿಯಲ್ಲೇ ಶೀಟು ಕತ್ತರಿಸಿ ಒಂದು ಮಾತ್ರೆ ತೆಗೆದೆ. ಬ್ರದರ್ ಮೊಣಕಾಲೂರಿದ್ದಲ್ಲೇ ಇದ್ದರು, ಅವರ ಮುಖ ಬಾಡಿಹೋಗಿತ್ತು. "ಕರ್ತನು ಇದನ್ನು ಒಪ್ಪುತ್ತಾನಾ ಅಮ್ಮಾ?" ಅಂತ ಕೇಳಿದರು.

"ಅವನಿಗೂ ಒಬ್ಳು ಅಮ್ಮ ಇದ್ಲಲ್ಲ" ಅಂದಳು ಅಮ್ಮ. "ಒಪ್ಪದಿದ್ರೆ ಅವಳನ್ನ ಕೇಳ್ಲಿ."

ಅಷ್ಟು ಹೇಳಿ ಬಾಯಿ ತೆರೆದಳು. ನಾನು ನಾಲಗೆಯ ಮೇಲೆ ಮಾತ್ರೆ ಇಟ್ಟೆ.